ಮರದ ಬುಡದ ಊಟಕ್ಕೆ ಬೆಂಕಿ ಇಡಬೇಡಿ: ನಗರಾಡಳಿತಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಮಹಾನಗರ ಪಾಲಿಕೆಗಳ ಆಯುಕ್ತರು, ನಗರಸಭೆಗಳ ಪೌರಾಯುಕ್ತರು, ಪುರಸಭೆಗಳ ಮುಖ್ಯಾಧಿಕಾರಿಗಳು ಹಾಗೂ ತೋಟಗಾರಿಕೆ ಮತ್ತು ಘನತ್ಯಾಜ್ಯ ವಿಭಾಗಗಳ ಎಂಜಿನಿಯರುಗಳು.

ವಿಷಯ: ಬೀದಿಮರ ಮತ್ತು ಉದ್ಯಾನಗಳ ತರಗೆಲೆ ಸುಡುವುದನ್ನು ನಿಲ್ಲಿಸಿ, ಬಿದ್ದ ಜಾಗದಲ್ಲೇ ಕೊಳೆಸುವ ಬಗ್ಗೆ.

ಮಾನ್ಯರೇ,

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಅನ್ನುತ್ತಾರೆ. ನಮ್ಮ ಊರುಗಳಿಗೆ ಅದೇ ಹೊತ್ತಿಗೆ ಹೊಗೆ ಬಂದು ಕೂರುತ್ತದೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಮಹಾಗನಿ, ಹೊಂಗೆ, ಮಳೆಮರ, ಅರಳಿ, ಕಾಡುಬಾದಾಮಿ ಒಂದರ ಹಿಂದೊಂದು ಎಲೆ ಉದುರಿಸುತ್ತವೆ. ಬೆಳಗ್ಗೆ ಆರಕ್ಕೆ ಗುಡಿಸಿದ ಎಲೆ ಏಳಕ್ಕೆ ಚರಂಡಿಯ ಅಂಚಿನಲ್ಲೋ ಮರದ ಬುಡದಲ್ಲೋ ಖಾಲಿ ಸೈಟಿನ ಮೂಲೆಯಲ್ಲೋ ಗುಡ್ಡೆಯಾಗಿರುತ್ತದೆ. ಏಳೂವರೆಗೆ ಅದರಿಂದ ಬಿಳಿ ಹೊಗೆ ಏಳುತ್ತಿರುತ್ತದೆ. ಶಾಲೆಯ ವ್ಯಾನು ಅದರೊಳಗೇ ಹಾದುಹೋಗುತ್ತದೆ. ಮಧ್ಯಾಹ್ನಕ್ಕೆ ಅಲ್ಲಿ ಒಂದು ಬುಟ್ಟಿ ಬೂದಿ, ಕರಗಿ ನೆಲಕ್ಕಂಟಿದ ಗುಟ್ಕಾ ಪಾಕೀಟು, ಒಂದು ಮಗ್ಗುಲು ಕಪ್ಪಾದ ಮರ.

ಇದು ಕಾನೂನಿಗೆ ವಿರುದ್ಧ ಎಂದು ತಮಗೆ ಹೇಳಬೇಕಾಗಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಆ ಪ್ರಕರಣದ ಅರ್ಜಿದಾರರು ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್. ಅದೇ ವರ್ಷ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಉದ್ಯಾನದ ಕಸವನ್ನು ಬೇರೆಯಾಗಿ ಸಂಗ್ರಹಿಸಿ ಸಾಧ್ಯವಾದ ಮಟ್ಟಿಗೆ ಉದ್ಯಾನದಲ್ಲೇ ಸಂಸ್ಕರಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೇ ಹೇಳಿದವು. ಕಾನೂನಿದ್ದೂ ಬೆಂಕಿ ಯಾಕೆ ಬೀಳುತ್ತಿದೆ, ಆ ಬೆಂಕಿಯಲ್ಲಿ ಏನೇನು ಹೋಗುತ್ತಿದೆ, ಬದಲಿಗೆ ಏನು ಮಾಡಬಹುದು ಎಂಬುದನ್ನು ಲೆಕ್ಕದ ಸಮೇತ ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ಕಾರಣ. ಕಡ್ಡಿ ಗೀರುವ ಕೈ ಪೌರಕಾರ್ಮಿಕರದ್ದೇ ಇರಬಹುದು, ಆದರೆ ಅವರಿಗೆ ಬೇರೆ ದಾರಿ ಉಳಿಸಿಲ್ಲ. ಮನೆಮನೆಗೆ ಬರುವ ಕಸದ ಆಟೊದಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಖಾನೆ. ಹೆಸರಲ್ಲೇ ‘ಒಣ’ ಇದ್ದರೂ ಒಣ ಎಲೆಗೆ ಒಣ ಕಸದಲ್ಲಿ ಜಾಗವಿಲ್ಲ; ಅದು ಪ್ಲಾಸ್ಟಿಕ್ಕು, ಕಾಗದ, ರಟ್ಟಿನ ಖಾನೆ. ಹಸಿ ಕಸಕ್ಕೆ ಸುರಿದರೆ ಎರಡು ಬೀದಿ ದಾಟುವಷ್ಟರಲ್ಲಿ ಆಟೊ ತುಂಬಿಹೋಗುತ್ತದೆ. ಒಂದು ಘನ ಮೀಟರ್ ಸಡಿಲ ಒಣ ಎಲೆ ನೂರು ಕಿಲೋ ಕೂಡ ತೂಗುವುದಿಲ್ಲ. ತೂಕದ ಮೇಲೆ ಬಿಲ್ಲಾಗುವ ಕಡೆ ಗಾಳಿಯನ್ನು ಹೊತ್ತು ತಿರುಗಲು ಯಾವ ಗುತ್ತಿಗೆದಾರ ಒಪ್ಪಿಯಾನು? ಮೇಸ್ತ್ರಿಗೋ, ಎಂಟು ಗಂಟೆಗೆ ಬೀದಿ ‘ಕ್ಲೀನ್’ ಆದ ಫೋಟೊ ಗ್ರೂಪಿಗೆ ಹಾಕಬೇಕು. ಕೊನೆಗೆ ಉಳಿಯುವುದು ಬೆಂಕಿಪೊಟ್ಟಣ. ಹಾಗಾಗಿ ದಂಡ ಹಾಕುವುದಾದರೆ ಪೌರಕಾರ್ಮಿಕರಿಗೆ ಹಾಕಬೇಡಿ ಎಂದು ಇಲ್ಲಿಯೇ ಕೇಳಿಕೊಳ್ಳುತ್ತೇವೆ. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರೂ ಅವರೇ.

ಇನ್ನು ಸುಡುತ್ತಿರುವುದಾದರೂ ಏನನ್ನು? ಯಾರೂ ಗುಡಿಸದ ಒಂದು ಮರದ ಬುಡ ಹುಡುಕಿ. ಹಳೆಯ ಗುಂಡುತೋಪಾದರೂ ಸರಿ, ಕಾಲೇಜಿನ ಹಿಂದಿನ ಮೂಲೆಯಾದರೂ ಸರಿ. ಮಳೆಗಾಲದಲ್ಲಿ ಅಲ್ಲಿ ಕೂತು ತರಗೆಲೆಯನ್ನು ಬೆರಳಿನಿಂದ ಪದರ ಪದರವಾಗಿ ಎತ್ತಿ ನೋಡಿ. ಮೇಲಿನ ಎಲೆಗಳು ಇನ್ನೂ ಇಡಿಯಾಗಿವೆ, ಮಡಚಿದರೆ ಮುರಿಯುತ್ತವೆ. ಅದರ ಕೆಳಗಿನವು ಮೆತ್ತಗೆ, ಕಂದು. ಎರಡು ಎಲೆ ಅಂಟಿಕೊಂಡ ಕಡೆ ಬಿಡಿಸಿದರೆ ನಡುವೆ ಹತ್ತಿಯ ನೂಲಿನಂಥ ಬಿಳಿ ಎಳೆಗಳು. ಅದು ಶಿಲೀಂಧ್ರ. ಇನ್ನೂ ಕೆಳಗೆ ಹೋದರೆ ಎಲೆ ಜರಡಿಯಾಗಿರುತ್ತದೆ. ರವೆಯಷ್ಟು ಗಾತ್ರದ ಸ್ಪ್ರಿಂಗ್‌ಟೈಲ್ ಹುಳುಗಳು ಬೆಳಕು ಬಿದ್ದೊಡನೆ ಚಿಮ್ಮುತ್ತವೆ, ಸಹಸ್ರಪದಿಯೊಂದು ಚಕ್ಕುಲಿಯಂತೆ ಸುತ್ತಿಕೊಳ್ಳುತ್ತದೆ. ಅದರಡಿಗೆ ಎಲೆ ಎಂದು ಗುರುತಿಸಲು ಏನೂ ಉಳಿದಿರುವುದಿಲ್ಲ. ಕಪ್ಪು ಪುಡಿ. ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ. ಆ ವಾಸನೆ ಆಕ್ಟಿನೊಮೈಸೀಟ್ ಎಂಬ ಬ್ಯಾಕ್ಟೀರಿಯಾ ಗುಂಪು ಹೊರಬಿಡುವ ಜಿಯೋಸ್ಮಿನ್‌ನದು. ಕ್ಷಯಕ್ಕೆ ಮೊದಲು ಮದ್ದಾಗಿ ಒದಗಿದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಕೂಡ, 1943ರಲ್ಲಿ, ಇದೇ ಗುಂಪಿನ ಒಂದು ಸೂಕ್ಷ್ಮಜೀವಿಯಿಂದ.

ಈ ಕೆಲಸಕ್ಕೊಂದು ಸರತಿಯಿದೆ. ಎಲೆಯಲ್ಲಿನ ಸಕ್ಕರೆ, ಪಿಷ್ಟ ಮೊದಲ ಮಳೆಗೇ ತೊಳೆದು ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ನಾರಿನ ಸೆಲ್ಯುಲೋಸ್ ಅನ್ನು ಶಿಲೀಂಧ್ರಗಳು ತಿಂಗಳುಗಟ್ಟಲೆ ಕರಗಿಸುತ್ತವೆ. ಎಲೆಯ ನರಗಳನ್ನು ಗಟ್ಟಿಯಾಗಿಸುವ ಲಿಗ್ನಿನ್ ಕೊನೆಗೆ ಉಳಿಯುತ್ತದೆ; ಅದನ್ನು ಪೂರ್ತಿ ಒಡೆಯಬಲ್ಲವು ಮುಖ್ಯವಾಗಿ ಬಿಳಿಕೊಳೆ ಶಿಲೀಂಧ್ರಗಳೇ. ಅರಳಿ ಎಲೆಯನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಸೊಪ್ಪು ಕೊಳೆತ ಮೇಲೆ ಉಳಿಯುವ ಜಾಲರಿಯನ್ನು ಮಕ್ಕಳು ಪುಸ್ತಕದಲ್ಲಿ ಇಡುತ್ತಾರಲ್ಲ, ಆ ಜಾಲರಿಯೇ ಲಿಗ್ನಿನ್‌ನಿಂದ ಗಟ್ಟಿಯಾದ ಭಾಗ. ಸಹಸ್ರಪದಿ, ಎರೆಹುಳು, ಗೆದ್ದಲುಗಳದು ಗಿರಣಿಯ ಕೆಲಸ. ತಿಂದದ್ದರಲ್ಲಿ ಹೆಚ್ಚಿನದನ್ನು ಹಿಕ್ಕೆಯಾಗಿ ಹಾಕುತ್ತವೆ. ಪುಡಿಯಾದ ಆ ಹಿಕ್ಕೆಯ ಮೇಲೆ ಬ್ಯಾಕ್ಟೀರಿಯಾಗಳಿಗೆ ಕೆಲಸ ಸಲೀಸು. ಗೆದ್ದಲನ್ನು ಕಂಡೊಡನೆ ಔಷಧಿ ಹೊಡೆಸುವ ಅಧಿಕಾರಿಗಳಿಗೆ ಒಂದು ಮಾತು: ನಮ್ಮ ಹುತ್ತಗಳನ್ನು ಕಟ್ಟುವ ಗೆದ್ದಲು ಒಣ ಎಲೆ, ಕಡ್ಡಿ ತಂದು ಒಳಗೆ ಶಿಲೀಂಧ್ರದ ತೋಟ ಮಾಡುತ್ತದೆ. ಗುಡುಗು ಮಳೆಯ ನಂತರ ಜನ ಮುಗಿಬಿದ್ದು ಕೀಳುವ ಹುತ್ತದ ಅಣಬೆ ಆ ತೋಟದ್ದೇ.

ಎಲೆ ಉದುರಿಸುವ ಮುನ್ನ ಮರ ಅದರಲ್ಲಿನ ಸಾರಜನಕ ಮತ್ತು ರಂಜಕದ ಹೆಚ್ಚುಕಡಿಮೆ ಅರ್ಧವನ್ನು ವಾಪಸ್ ಎಳೆದುಕೊಳ್ಳುತ್ತದೆ. ಉಳಿದರ್ಧ ಮತ್ತು ಕ್ಯಾಲ್ಸಿಯಂ ಎಲೆಯೊಂದಿಗೆ ನೆಲಕ್ಕೆ ಬೀಳುತ್ತವೆ. ಕೊಳೆಸುವ ಜೀವಿಗಳು ಅದನ್ನು ಬಿಡಿಸಿ ಬೇರಿಗೆ ದಾಟಿಸಬೇಕು. ಮರ ಹಾಕಿಕೊಂಡ ಲೆಕ್ಕ ಇದು. ಬೆಂಕಿ ಇಟ್ಟರೆ ಸಾರಜನಕ ಮತ್ತು ಗಂಧಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ‘ಬೂದಿಯೂ ಗೊಬ್ಬರವೇ ಅಲ್ಲವೇ’ ಎಂದು ಕೇಳುವವರಿದ್ದಾರೆ. ಪೊಟ್ಯಾಶ್, ಸುಣ್ಣದಂಶ ಅದರಲ್ಲಿ ಉಳಿಯುವುದು ನಿಜ. ಆದರೆ ಒಂದೇ ಜಾಗದಲ್ಲಿ ಸುರಿದ ಬೂದಿ ಮಣ್ಣನ್ನು ವಿಪರೀತ ಕ್ಷಾರವಾಗಿಸುತ್ತದೆ, ಮಿಕ್ಕದ್ದನ್ನು ಏಪ್ರಿಲ್ ಮಳೆ ಚರಂಡಿಗೆ ತಳ್ಳುತ್ತದೆ. ಮಣ್ಣಿಗೆ ನೀರು ಹಿಡಿದಿಡುವ ಗುಣ ಕೊಡುವ ಇಂಗಾಲವಂತೂ ಬಹುಪಾಲು ಸುಟ್ಟು ಗಾಳಿಗೆ ಹೋಗುತ್ತದೆ. ಎಲೆಯ ಜೊತೆ ಪ್ಲಾಸ್ಟಿಕ್ ಸೇರಿದ್ದರೆ ಹೊಗೆಯಲ್ಲಿ ಏನೇನಿರುತ್ತದೆ ಎಂಬುದನ್ನು ತಮ್ಮ ಆರೋಗ್ಯ ವಿಭಾಗವೇ ಹೇಳಬಲ್ಲದು.

ಇದಕ್ಕಿಂತ ದುಬಾರಿಯಾದ ನಷ್ಟ ಮರದ ಬುಡದಲ್ಲಿ ಆಗುತ್ತದೆ. ತೊಗಟೆಯ ಒಳಗಿನ ಜೀವಪದರ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಸಾಯುತ್ತದೆ. ಬುಡದಲ್ಲಿ ಅರ್ಧ ಗಂಟೆ ಉರಿದ ಎಲೆಗುಡ್ಡೆ ತೆಳು ತೊಗಟೆಯ ಮರಕ್ಕೆ ಇಷ್ಟು ಮಾಡಲು ಸಾಕು. ಆ ವರ್ಷ ಏನೂ ಕಾಣುವುದಿಲ್ಲ, ಮರ ಚಿಗುರುತ್ತದೆ, ಯುಗಾದಿಗೆ ಹೊಂಗೆ ಹೊಳೆಯುತ್ತದೆ. ಒಂದೆರಡು ವರ್ಷಕ್ಕೆ ಸುಟ್ಟ ಮಗ್ಗುಲಿನ ತೊಗಟೆ ಕಳಚಿ ಒಳಗಿನ ಕಟ್ಟಿಗೆ ಬಯಲಾಗುತ್ತದೆ. ಅಲ್ಲಿಂದ ಮರದ ತಿರುಳು ತಿನ್ನುವ ಶಿಲೀಂಧ್ರ ಒಳಹೊಕ್ಕು ಕಾಂಡವನ್ನು ಟೊಳ್ಳು ಮಾಡುತ್ತದೆ. ಬುಡದಲ್ಲಿ ತಟ್ಟೆಯಾಕಾರದ ಗಟ್ಟಿ ಅಣಬೆ ಕಂಡ ದಿನ ಆ ಮರದ ಕಥೆ ಮುಗಿಯುತ್ತ ಬಂದಿದೆ ಎಂದರ್ಥ. ಮುಂಗಾರುಪೂರ್ವ ಗಾಳಿಮಳೆಯಲ್ಲಿ ಕಾರಿನ ಮೇಲೆ ಉರುಳಿದ ಮರಗಳ ಬುಡವನ್ನು ದಯವಿಟ್ಟು ಒಮ್ಮೆ ಪರೀಕ್ಷಿಸಿ. ಹಳೆಯ ಸುಟ್ಟ ಗುರುತು ಎಷ್ಟು ಮರಗಳಲ್ಲಿ ಸಿಗುತ್ತದೆ ಎಂದು ತಮ್ಮ ಅರಣ್ಯ ಘಟಕವೇ ದಾಖಲಿಸಲಿ.

ಎಲೆಯನ್ನು ಗೊಬ್ಬರ ಮಾಡುವ ವಿದ್ಯೆ ಈ ರಾಜ್ಯಕ್ಕೆ ಹೊಸದೇನಲ್ಲ. ಪೇಟೆಯ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಗೊಬ್ಬರ ಮಾಡುವ ಕ್ರಮವನ್ನು ಸಿ.ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು. ಜಗತ್ತಿನ ಕೃಷಿ ಪಠ್ಯಗಳಲ್ಲಿ ಇಂದಿಗೂ ಅದರ ಹೆಸರು ‘ಬೆಂಗಳೂರು ವಿಧಾನ’. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು–ತರಗೆಲೆ ತರಲು ಬಿಟ್ಟುಕೊಟ್ಟ ಕಾಡಿನ, ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ. ಅಲ್ಲಿನವರು ಬೇಸಿಗೆಯಲ್ಲಿ ದರಕು (ತರಗೆಲೆ) ಗುಡಿಸಿ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅವರು ತಲೆಯ ಮೇಲೆ ಹೊತ್ತು ತರುವ ಸರಕನ್ನೇ ನಾವು ಪೇಟೆಯಲ್ಲಿ ಸುಡುತ್ತಿದ್ದೇವೆ.

ಈಗ ಮಾಡಬೇಕಾದ ಕೆಲಸ. ಮೊಟ್ಟಮೊದಲು, ಮಣ್ಣಿರುವ ಕಡೆ ಗುಡಿಸುವುದನ್ನೇ ಬಿಡಿ. ಉದ್ಯಾನದ ಹಾದಿ, ಬೆಂಚು, ಆಟದ ಜಾಗ ಗುಡಿಸಿದರೆ ಸಾಕು. ಮರ–ಪೊದೆಗಳ ಕೆಳಗೆ ಮೂರು–ನಾಲ್ಕು ಇಂಚು ಎಲೆ ಹಾಗೇ ಇರಲಿ. ಕಾಂಡಕ್ಕೆ ತಾಗಿಸಿ ಮಾತ್ರ ರಾಶಿ ಹಾಕಬಾರದು, ಒಂದು ಗೇಣು ಜಾಗ ಬಿಡಬೇಕು. ಇಲ್ಲದಿದ್ದರೆ ತೊಗಟೆ ಸದಾ ಒದ್ದೆಯಾಗಿ ಬುಡ ಕೊಳೆಯುತ್ತದೆ. ಬೆಳಗ್ಗೆ ಎಲೆ ಗುಡಿಸಿ ನೆಲ ಬೋಳು ಮಾಡಿ, ಮಧ್ಯಾಹ್ನ ಅದೇ ಬೋಳು ನೆಲಕ್ಕೆ ಟ್ಯಾಂಕರ್ ನೀರು ಬಿಡುವ ಪದ್ಧತಿಗೆ ಏನು ಹೆಸರಿಡಬೇಕೋ ತಿಳಿಯದು.

ಹಾದಿ ಮತ್ತು ರಸ್ತೆಯಿಂದ ಬಂದ ಎಲೆಗೆ ತಂತಿಜಾಲರಿಯ ಗೂಡು ಸಾಕು. ನಾಲ್ಕಡಿ ಎತ್ತರದ ವೆಲ್ಡೆಡ್ ಮೆಶ್ ಅನ್ನು ಹದಿಮೂರೂವರೆ ಅಡಿ ಕತ್ತರಿಸಿ, ಒಂದಡಿ ಒಂದರ ಮೇಲೊಂದು ಬರುವಂತೆ ಸುತ್ತಿ ತಂತಿ ಬಿಗಿದರೆ ನಾಲ್ಕಡಿ ಅಗಲದ ಗೂಡಾಗುತ್ತದೆ. ಇದನ್ನು ಮಣ್ಣಿನ ಮೇಲೆಯೇ ಇಡಬೇಕು. ಕಾಂಕ್ರೀಟ್ ಕಟ್ಟೆ ಕಟ್ಟಿಸಿದರೆ ಬಿಲ್ಲು ದೊಡ್ಡದಾಗುತ್ತದೆ, ಎರೆಹುಳು ಬರುವ ದಾರಿ ಮುಚ್ಚುತ್ತದೆ. ತಳಕ್ಕೆ ಅರ್ಧ ಅಡಿ ಕಡ್ಡಿ ಹಾಸಿದರೆ ಕೆಳಗಿನಿಂದ ಗಾಳಿ ಆಡುತ್ತದೆ. ಅದರ ಮೇಲೆ ಒಂದಡಿ ಎಲೆ, ತುಳಿತ, ನೀರು, ಮತ್ತೆ ಒಂದಡಿ. ಒಂದು ಗೂಡಿಗೆ ಒಮ್ಮೆಗೆ ಸುಮಾರು ನೂರು ಕಿಲೋ ಒಣ ಎಲೆ ಹಿಡಿಯುತ್ತದೆ. ಹದಿನೈದು ದಿನಕ್ಕೆ ಕುಸಿದು ಮತ್ತೆ ತುಂಬಲು ಜಾಗವಾಗುತ್ತದೆ.

ಎಲ್ಲರೂ ಎಡವುವುದು ನೀರಿನಲ್ಲಿ. ಬೇಸಿಗೆಯ ಎಲೆಯಲ್ಲಿ ತೇವ ನೂರಕ್ಕೆ ಹತ್ತರಷ್ಟಿರುತ್ತದೆ, ಕೊಳೆಯಲು ಐವತ್ತರಿಂದ ಅರವತ್ತು ಬೇಕು. ಅಂದರೆ ನೂರು ಕಿಲೋ ಎಲೆಗೆ ನೂರು ಲೀಟರ್ ನೀರು ಒಳಗೆ ಇಳಿಯಬೇಕು. ಪೈಪು ಹಿಡಿದು ಮೇಲೆ ಚಿಮುಕಿಸಿದರೆ ಎಲೆಯ ಮೇಣದ ಮೇಲೆ ಜಾರಿ ಬದಿಯಿಂದ ಹರಿದುಹೋಗುತ್ತದೆ. ಮೇಲೆ ಒದ್ದೆ, ನಡುವೆ ಗರಿಗರಿ. ಆರು ತಿಂಗಳ ನಂತರ ತೆರೆದರೆ ಹಾಕಿದ ಎಲೆ ಹಾಕಿದ ಹಾಗೇ ಇರುತ್ತದೆ, ‘ಕಾಂಪೋಸ್ಟ್ ನಮ್ಮಲ್ಲಿ ಆಗಲ್ಲ ಸಾರ್’ ಎಂಬ ವರದಿ ಹೋಗುತ್ತದೆ. ಪದರ ಹಾಕುವಾಗಲೇ ನೆನೆಸಬೇಕು. ಒಳಗಿಂದ ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು. ಸುರಿದರೆ ಹೆಚ್ಚಾಯಿತು, ಬರದಿದ್ದರೆ ಕಡಿಮೆ. ಕುಡಿಯುವ ನೀರು ಇದಕ್ಕೆ ಬೇಡ, ತಮ್ಮ ಶುದ್ಧೀಕರಣ ಘಟಕದ ಸಂಸ್ಕರಿತ ನೀರು ಸಾಕು.

ಎರಡನೆಯದು ಸಾರಜನಕ. ಕೊಳೆಸುವ ಜೀವಿಗಳಿಗೆ ಇಂಗಾಲ–ಸಾರಜನಕ 30:1ರ ಆಸುಪಾಸು ಇದ್ದರೆ ಹಸಿವು ತೀರುತ್ತದೆ. ಒಣ ಎಲೆಯಲ್ಲಿ ಅದು 40ರಿಂದ 80ಕ್ಕೆ ಒಂದು. ಸಗಣಿ ನೀರು ಹಾಕುವ ರೂಢಿ ಒಳ್ಳೆಯದೇ, ಆದರೆ ಒಂದು ಬುಟ್ಟಿ ಸಗಣಿಯಿಂದ ಸಾರಜನಕ ಸಿಗುವುದು ಅತ್ಯಲ್ಪ. ಅದು ಹೆಪ್ಪು ಅಷ್ಟೇ. ಹಳೆಯ ರಾಶಿಯ ಎರಡು ಬಾಂಡ್ಲಿ ಗೊಬ್ಬರವೂ ಅದೇ ಹೆಪ್ಪಿನ ಕೆಲಸ ಮಾಡುತ್ತದೆ, ಬಾಟಲಿಯಲ್ಲಿ ಬರುವ ‘ಕಲ್ಚರ್’ಗೆ ಟೆಂಡರ್ ಕರೆಯಬೇಕಾಗಿಲ್ಲ. ಸಾರಜನಕ ಬೇಕಿದ್ದರೆ ಅದೇ ಉದ್ಯಾನದ ಕತ್ತರಿಸಿದ ಹಸಿ ಹುಲ್ಲನ್ನು ಎಲೆಯ ತೂಕದಷ್ಟೇ ತೂಕ ಬೆರೆಸಿ. ಚೂರು ಮಾಡುವ ಯಂತ್ರವಿದ್ದು, ಹುಲ್ಲು ಬೆರೆಸಿ, ಹದಿನೈದು ದಿನಕ್ಕೊಮ್ಮೆ ತಿರುವಿದರೆ ಎರಡರಿಂದ ಮೂರು ತಿಂಗಳಲ್ಲಿ ಗೊಬ್ಬರ. ಬರೀ ಎಲೆ ನೆನೆಸಿ ಬಿಟ್ಟರೆ ಎಂಟು ತಿಂಗಳಿಂದ ಒಂದು ವರ್ಷ. ಆಳು, ನೀರು ಎರಡೂ ಕಡಿಮೆ ಇರುವ ಊರಿಗೆ ಆಚಾರ್ಯರ ಗುಂಡಿಯೇ ಸೂಕ್ತ: ಮಣ್ಣು ಮೆತ್ತಿದ ಮೇಲೆ ತಿರುವುವ, ನೀರು ಹಾಕುವ ಗೋಜಿಲ್ಲ, ಆರರಿಂದ ಎಂಟು ತಿಂಗಳಿಗೆ ತೆಗೆಯಬಹುದು.

ತಮ್ಮ ಹಸಿ ಕಸದ ಘಟಕಗಳಲ್ಲಿ ನಾರುವ ಕಪ್ಪು ನೀರು ಹರಿಯಲು ಒಂದು ಮುಖ್ಯ ಕಾರಣ, ಅಲ್ಲಿ ಒಣ ಸರಕೇ ಇಲ್ಲದಿರುವುದು. ಅಡುಗೆಮನೆಯ ಕಸದಲ್ಲಿ ಮುಕ್ಕಾಲು ಭಾಗ ನೀರು, ಗಾಳಿಯಾಡದೆ ಹುಳಿಯುತ್ತದೆ. ಅದರ ಒಂದು ಬುಟ್ಟಿಗೆ ಎರಡು–ಮೂರು ಬುಟ್ಟಿ ಒಣ ಎಲೆ ಸೇರಿಸಿದರೆ ತೇವವೂ ಇಂಗಾಲವೂ ಏಕಕಾಲಕ್ಕೆ ಸರಿಹೋಗುತ್ತವೆ. ಕೇರಳದ ತುಂಬೂರ್ಮುಳಿ ಮಾದರಿ ನಿಂತಿರುವುದೇ ಇದರ ಮೇಲೆ: ನಾಲ್ಕಡಿ ಚೌಕ, ನಾಲ್ಕಡಿ ಎತ್ತರದ ಗಾಳಿಯಾಡುವ ತೊಟ್ಟಿ, ಸಗಣಿ, ಒಣ ಎಲೆ, ಹಸಿ ಕಸದ ಪದರಗಳು, ತುಂಬಿದ ಮೇಲೆ 90 ದಿನ. ಬೀದಿಯಲ್ಲಿ ಎಲೆ ಸುಟ್ಟು, ಅದೇ ತೇವ ಹೀರಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಖರೀದಿಗೆ ಬಿಲ್ಲು ಮಾಡುವುದು ಒಂದೇ ಕಚೇರಿಯ ಎರಡು ಟೇಬಲ್‌ಗಳಲ್ಲಿ ನಡೆಯಬಾರದು.

ಕೆಡುವ ಬಗೆಗಳೂ ತಿಳಿದಿರಲಿ. ಹಲಸು, ಕಾಡುಬಾದಾಮಿಯಂಥ ದಪ್ಪ ಎಲೆ ಬರೀ ಅದನ್ನೇ ತುಂಬಿದರೆ ಊಟದ ಎಲೆ ಜೋಡಿಸಿದಂತೆ ಒತ್ತಿಕೊಂಡು ಗಾಳಿ ಕಟ್ಟುತ್ತದೆ. ಮಳೆಮರ, ಗುಲ್‌ಮೊಹರ್‌ನ ಸಣ್ಣೆಲೆ ಬೆರೆಸಬೇಕು ಅಥವಾ ಚೂರು ಮಾಡಬೇಕು. ಬಿಸಿಯೇರಿದ ರಾಶಿಗೆ ಎರೆಹುಳು ಬಿಟ್ಟರೆ ಬೆಂದುಹೋಗುತ್ತವೆ, ಅವಕ್ಕೆ 35 ಡಿಗ್ರಿ ದಾಟಬಾರದು. ಪಾರ್ಥೇನಿಯಂ ಬೀಜವಾದ ಮೇಲೆ ಕಿತ್ತಿದ್ದರೆ, 55 ಡಿಗ್ರಿಗೆ ಏರದ ತಣ್ಣನೆಯ ಗೂಡಿಗೆ ಹಾಕಲೇಬೇಡಿ. ಅರೆಕೊಳೆತ ಗೊಬ್ಬರವನ್ನು ಕುಂಡಕ್ಕೆ ಬೆರೆಸಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಗಿಡ ಹಳದಿಯಾಗುತ್ತದೆ. ಹೆದ್ದಾರಿ, ದಟ್ಟ ವಾಹನದ ರಸ್ತೆಯ ಎಲೆಗೊಬ್ಬರ ಮರಗಳಿಗೆ, ಹೂಗಿಡಗಳಿಗೆ ಇರಲಿ, ಸೊಪ್ಪು ತರಕಾರಿಗೆ ಬೇಡ.

ಬರುವ ಆಕ್ಷೇಪಗಳು ನಮಗೂ ಗೊತ್ತು. ಎಲೆ ಬಿಟ್ಟರೆ ಚರಂಡಿ ಕಟ್ಟುತ್ತದೆ ಎನ್ನುವುದು ಸರಿಯಾದ ಮಾತು. ರಸ್ತೆ ಮತ್ತು ಚರಂಡಿಯ ಎಲೆಯನ್ನು ಏಪ್ರಿಲ್ ಮಳೆಗೆ ಮುನ್ನ ಎತ್ತಲೇಬೇಕು, ಅದರಲ್ಲಿ ರಿಯಾಯಿತಿ ಕೇಳುತ್ತಿಲ್ಲ. ಸೊಳ್ಳೆಯ ಮಾತು ಅಷ್ಟು ನಿಲ್ಲುವುದಿಲ್ಲ. ಡೆಂಗಿ ಸೊಳ್ಳೆಗೆ ನಿಂತ ನೀರು ಬೇಕು, ಒದ್ದೆ ಎಲೆಯಲ್ಲಿ ಅದಿಲ್ಲ, ಅದರ ಮೇಲೆ ಎಸೆದ ಎಳನೀರು ಚಿಪ್ಪಿನಲ್ಲಿ, ಕಾಫಿ ಲೋಟದಲ್ಲಿ ಇದೆ. ಹಾವು ಬರುತ್ತದೆ ಎಂಬ ಭಯಕ್ಕೆ, ಹಾವು ಇಲಿಯ ಹಿಂದೆ, ಇಲಿ ಅನ್ನದ ಹಿಂದೆ ಬರುವುದರಿಂದ ಎಲೆಗೂಡಿಗೆ ಊಟದ ಕಸ ಹಾಕದಂತೆ ನೋಡಿಕೊಳ್ಳಬೇಕು. ಆದರೂ ಬೆಚ್ಚನೆಯ ರಾಶಿಯಲ್ಲಿ ಹಾವು ಸೇರಿಕೊಳ್ಳುವುದುಂಟು. ತಿರುವಲು ಬರಿಗೈ ಹಾಕಿಸಬೇಡಿ, ಉದ್ದ ಹಿಡಿಯ ಫೋರ್ಕ್, ಗಮ್‌ಬೂಟು, ಗ್ಲೌಸು ಕೊಡಿ. ‘ನೋಡಲು ಚೆನ್ನಾಗಿರಲ್ಲ’ ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ, ಬೂದಿಗುಡ್ಡೆ ಚೆನ್ನಾಗಿ ಕಾಣುವುದಾದರೆ ಏನು ಹೇಳುವುದು.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು ಇವು. ಹಸಿ, ಒಣ ಎಂಬ ಎರಡರ ಜೊತೆಗೆ ‘ಎಲೆ ಕಸ’ ಎಂಬ ಮೂರನೆಯ ಬಾಬ್ತನ್ನು ಗುತ್ತಿಗೆಯ ಷರತ್ತಿನಲ್ಲೇ ಸೇರಿಸಿ, ಅದಕ್ಕೆ ತೂಕದ ಬದಲು ಟ್ರಿಪ್ಪಿನ ಅಥವಾ ಘನ ಮೀಟರಿನ ಲೆಕ್ಕದಲ್ಲಿ ಹಣ ಕೊಡಿ. ಜನವರಿಯಿಂದ ಮಾರ್ಚ್‌ವರೆಗೆ ವಾರ್ಡಿಗೊಂದು ಎಲೆ ವಾಹನ ಓಡಲಿ. ಪ್ರತಿ ಎಕರೆ ಉದ್ಯಾನಕ್ಕೆ ಕನಿಷ್ಠ ನಾಲ್ಕು ಜಾಲರಿ ಗೂಡು ಇಡಿ, ಅದರ ನೀರು ಮತ್ತು ತಿರುವುವ ಕೆಲಸವನ್ನು ಉದ್ಯಾನ ನಿರ್ವಹಣೆಯ ಗುತ್ತಿಗೆಯಲ್ಲೇ ಬರೆಯಿರಿ. ಬರೆಯದ ಕೆಲಸ ಯಾರದ್ದೂ ಅಲ್ಲ. ಮರದ ಬುಡಕ್ಕೆ ಕಾಂಕ್ರೀಟ್ ಸುರಿದ ಕಡೆ ಸುತ್ತ ಒಂದು ಮೀಟರ್ ಒಡೆಸಿ ಮಣ್ಣು ಬಿಡಿಸಿ. ದೆಹಲಿಯ ಮರಗಳಿಗೆ ಹಸಿರು ನ್ಯಾಯಮಂಡಳಿ 2013ರಲ್ಲೇ ಇದೇ ಅಳತೆ ಹೇಳಿದೆ. ಎಲೆ ಬೀಳಲು ಮಣ್ಣೇ ಇಲ್ಲದಿದ್ದರೆ ಮೇಲೆ ಬರೆದದ್ದೆಲ್ಲ ವ್ಯರ್ಥ. ಗೊಬ್ಬರ ತಯಾರಾದಾಗ ಮೊದಲ ಪಾಲು ಅದೇ ಬೀದಿಯ ಮರಗಳಿಗೆ ಹೋಗಲಿ, ಮಿಕ್ಕದ್ದನ್ನು ಸುತ್ತಲಿನ ಮನೆಯವರು ಚೀಲ ತಂದು ಒಯ್ಯಲಿ. ಪೌರಕಾರ್ಮಿಕರ ಹಾಜರಾತಿ ಫೋಟೊದಲ್ಲಿ ‘ಎಲೆಯಿಲ್ಲದ ಬೀದಿ’ ಕೇಳುವುದನ್ನು ಮೇಸ್ತ್ರಿಗಳು ನಿಲ್ಲಿಸಲಿ.

ಇದಕ್ಕೆ ಬೇಕಾದ ಜಾಲರಿ, ತಂತಿ, ಡ್ರಮ್ಮು ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಮಹಾಗನಿ ಎಲೆ ಉದುರಲು ಶುರುವಾಗುವುದು ಜನವರಿಯಲ್ಲಿ. ಗುತ್ತಿಗೆಯ ಷರತ್ತು ಬದಲಾಗಲು ಎರಡು ತಿಂಗಳಾದರೂ ಬೇಕಾದೀತು. ಹಾಗಾಗಿ ನವೆಂಬರ್ ಮೊದಲ ವಾರದೊಳಗೆ ಲಿಖಿತ ಆದೇಶ ಹೊರಡಿಸಿ, ಡಿಸೆಂಬರ್ ಮುಗಿಯುವ ಮುನ್ನ ಗೂಡುಗಳನ್ನು ನಿಲ್ಲಿಸಬೇಕಾಗಿ ವಿನಂತಿ. ಮೊದಲ ಗೂಡು ತುಂಬುವಾಗ ನೀರು ಎಷ್ಟು ಹಾಕಬೇಕೆಂದು ತೋರಿಸಲು ಕರೆದರೆ ಬರುತ್ತೇವೆ.

ಇಂತಿ,
ಎಲೆಗೊಬ್ಬರದ ಕೆಲಸದಲ್ಲಿ ತೊಡಗಿರುವ ನಾಗರಿಕರು